ನಾಲ್ಕು ಸಿಲಿಂಡರ್ ಕಾರಿಗೆ ಹೊಸ ಸೈಲೆನ್ಸರ್: ಕೊಯ್ಯುವ ಮೊದಲು ಓದಿ

"ಅಣ್ಣಾರ, ಗಾಡಿಗೆ ಎಷ್ಟ್ ಇಂಚಿನ ಪೈಪ್ ಹಾಕಿಸ್ಲಿ?"

ಈ ಪ್ರಶ್ನೆ ಬೆಳಗಾವಿಯಿಂದ ಬರುತ್ತದೆ, ಗೋಕಾಕಿನಿಂದ ಬರುತ್ತದೆ, ಈಚೆಗೆ ಜಮಖಂಡಿ, ಮುಧೋಳದ ಕಡೆಯಿಂದಲೂ ಬರುತ್ತಿದೆ. ಕೇಳುವವರೆಲ್ಲ ಇಂಚಿನಿಂದಲೇ ಶುರು ಮಾಡುತ್ತಾರೆ. ಆದರೆ ಇಂಚು ಮೂರನೆಯದೋ ನಾಲ್ಕನೆಯದೋ ಪ್ರಶ್ನೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಂದೇ ಸಲ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಆಮೇಲೆ ಬೇಸರ ಬೇಡ. ಟರ್ಬೊ ಇಲ್ಲದ 1.2 ಅಥವಾ 1.5 ಲೀಟರಿನ ಪೆಟ್ರೋಲ್ ಗಾಡಿಗೆ ಹಿಂದಿನ ಸೈಲೆನ್ಸರ್ ಬದಲಿಸಿದರೆ ಒಂದೆರಡು ಹಾರ್ಸ್‌ಪವರ್ ಬಂದರೆ ಅದೇ ದೊಡ್ಡದು. ಕಾಲಿಗೆ ಅದು ಗೊತ್ತಾಗುವುದಿಲ್ಲ. ಕಿವಿಗೆ ಗೊತ್ತಾಗುತ್ತದೆ, ಕಿವಿ ಕಾಲಿಗೆ ಸುಳ್ಳು ಹೇಳುತ್ತದೆ. ಹಾಗಾದರೆ ಯಾಕೆ ಮಾಡಿಸಬೇಕು? ಹಳೆಯ ಪೈಪು ಜಂಗು ಹಿಡಿದು ತೂತಾಗಿದ್ದರೆ ಕಂಪನಿಯ ಹೊಸ ಪೈಪಿನ ಖರ್ಚಿನ ಆಸುಪಾಸಿನಲ್ಲೇ ವರ್ಷಗಟ್ಟಲೆ ಬಾಳುವ ಸ್ಟೇನ್‌ಲೆಸ್ ಪೈಪು, ತುಸು ತುಂಬಿದ, ಒರಟಲ್ಲದ ಸದ್ದು, ಒಂದಿಷ್ಟು ಕಡಿಮೆ ತೂಕ ಸಿಗುತ್ತದೆ. ಇಷ್ಟು ಸಾಕು ಎನ್ನುವವರಿಗೆ ಈ ಲೇಖನ. ಬೋಗಾರ್‌ವೇಸ್ ಸರ್ಕಲ್ಲಿನಲ್ಲಿ ಜನ ತಿರುಗಿ ನೋಡಬೇಕು ಎನ್ನುವವರಿಗೆ ಅಲ್ಲ.

ಮೊದಲು ನಾಲ್ಕು ಹೆಸರು

ಎಂಜಿನ್ನಿನಿಂದ ಹಿಂದಕ್ಕೆ ಹೋಗುತ್ತ ನೋಡೋಣ. ನಾಲ್ಕು ಸಿಲಿಂಡರಿನ ಹೊಗೆಯನ್ನು ಒಟ್ಟುಗೂಡಿಸುವ ಕವಲು ತುಂಡು ಮ್ಯಾನಿಫೋಲ್ಡ್. ಕಂಪನಿಯಿಂದ ಬರುವುದು ಬೀಡಿನದೋ ತೆಳು ತಗಡಿನದೋ ಇರುತ್ತದೆ. ಪೈಪು ಬಗ್ಗಿಸಿ ಮಾಡಿದ್ದಕ್ಕೆ ಹೆಡರ್ ಎನ್ನುತ್ತಾರೆ. ಅದರ ಬೆನ್ನಿಗೇ ಕ್ಯಾಟಲಿಟಿಕ್ ಕನ್ವರ್ಟರ್, ನಮ್ಮ ಮಿಸ್ತ್ರಿಗಳ ಬಾಯಲ್ಲಿ ಕ್ಯಾಟ್. ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ, ಅದರ ಮೈಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೇಪ. ವಿಷಾನಿಲವನ್ನು ಸುಟ್ಟು ಸಾದಾ ಮಾಡುವುದು ಅದರ ಕೆಲಸ. ಆಮೇಲೆ ನಡುವೆ ಬರುವ ಸಣ್ಣ ಡಬ್ಬಿ ರೆಸೋನೇಟರ್. ಅದು ಒಂದು ಬಗೆಯ ಗುಂಯ್‌ಗುಡುವ ಸದ್ದನ್ನು ಮಾತ್ರ ಕೊಲ್ಲುತ್ತದೆ. ಕೊನೆಗೆ ಬಂಪರಿನ ಕೆಳಗಿನ ದೊಡ್ಡ ಡಬ್ಬಿ. ಅದರ ನಿಜವಾದ ಹೆಸರು ಮಫ್ಲರ್, ನಾವು ಕರೆಯುವುದು ಸೈಲೆನ್ಸರ್. ಕ್ಯಾಟಿನ ಹಿಂದಿನದನ್ನೆಲ್ಲ ಬದಲಿಸಿದರೆ ಅದು ಕ್ಯಾಟ್‌ಬ್ಯಾಕ್. ಹಿಂದಿನ ಆಕ್ಸಲಿನಿಂದಾಚೆಗೆ ಮಾತ್ರ ಬದಲಿಸಿದರೆ ಆಕ್ಸಲ್‌ಬ್ಯಾಕ್. ಈ ಲೇಖನದಲ್ಲಿ ಇವೆರಡೇ. ಅದಕ್ಕಿಂತ ಮುಂದಕ್ಕೆ ಕೈ ಹಾಕಬೇಡಿ ಎನ್ನುವುದಕ್ಕೆ ಕಾರಣ ಕೆಳಗೆ ಬರುತ್ತದೆ.

ಹಂತ 1: ಗಾಡಿಯ ಜಾತಕ ನೋಡಿ

ನಗಬೇಡಿ. ನಾಲ್ಕು ಸಿಲಿಂಡರ್ ಎಂದುಕೊಂಡು ಮೂರು ಸಿಲಿಂಡರ್ ಗಾಡಿ ತಂದವರಿದ್ದಾರೆ. ಹಳೆಯ ಸ್ವಿಫ್ಟಿನ 1.2 ಪೆಟ್ರೋಲ್ ನಾಲ್ಕು ಸಿಲಿಂಡರಿನದು. 2024ರಲ್ಲಿ ಬಂದ ಹೊಸ ಸ್ವಿಫ್ಟ್ ಮೂರರದು. ವ್ಯಾಗನ್‌ಆರ್‌ನಲ್ಲಿ 1.0 ಮೂರು, 1.2 ನಾಲ್ಕು. ಟಿಯಾಗೊ ಮೂರು. ಮೂರು ಸಿಲಿಂಡರಿನ ಸದ್ದಿನ ಲೆಕ್ಕವೇ ಬೇರೆ, ಇಲ್ಲಿ ಕೊಟ್ಟ ಅಂಕಿಗಳು ಅದಕ್ಕೆ ಹೊಂದುವುದಿಲ್ಲ. ಆರ್‌ಸಿ ಕಾರ್ಡಿನಲ್ಲಿ ಸಿಲಿಂಡರ್ ಸಂಖ್ಯೆ, ಸಿಸಿ, ಹೊಗೆಯ ಮಾನದಂಡ ಮೂರೂ ಇರುತ್ತವೆ. ಕನ್ನಡಕ ಹಾಕಿಕೊಂಡು ಓದಿ.

ಹೊಗೆಯ ಮಾನದಂಡ ಏಕೆ ಮುಖ್ಯ? ದೇಶದಲ್ಲೆಲ್ಲ ಬಿಎಸ್ 4 (ಬಿಎಸ್ ಎಂದರೆ ಭಾರತ್ ಸ್ಟೇಜ್, ಸರ್ಕಾರದ ಹೊಗೆಯ ಮಾನದಂಡ) ಜಾರಿಯಾದದ್ದು 2017ರ ಏಪ್ರಿಲ್‌ನಿಂದ, ಬಿಎಸ್ 6 ಬಂದದ್ದು 2020ರ ಏಪ್ರಿಲ್‌ನಿಂದ. ಈ ಕಾಲದ ಸಣ್ಣ ಪೆಟ್ರೋಲ್ ಗಾಡಿಗಳಲ್ಲಿ ಕ್ಯಾಟ್ ಬೇಗ ಬಿಸಿಯಾಗಲಿ ಎಂದು ಅದನ್ನು ಮ್ಯಾನಿಫೋಲ್ಡಿಗೇ ಅಂಟಿಸಿರುತ್ತಾರೆ. ಸುಮಾರು 250ರಿಂದ 300 ಡಿಗ್ರಿ ಶಾಖ ಮುಟ್ಟುವವರೆಗೆ ಕ್ಯಾಟ್ ಕೆಲಸ ಶುರು ಮಾಡುವುದಿಲ್ಲ. ಅಂದರೆ ಇಂಥ ಗಾಡಿಗೆ ಹೆಡರ್ ಹಾಕುವುದೆಂದರೆ ಕ್ಯಾಟ್ ಕಿತ್ತೆಸೆಯುವುದೆಂದೇ ಅರ್ಥ. ಅದರ ಹಿಂದೆ ಮುಂದೆ ಒಂದೊಂದು ಆಕ್ಸಿಜನ್ ಸೆನ್ಸರ್ ಕುಳಿತಿರುತ್ತದೆ. ಹಿಂದಿನದು ಕ್ಯಾಟ್ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತದೆ. ಕ್ಯಾಟ್ ಇಲ್ಲವಾದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡು ಕೂರುತ್ತದೆ. ಸ್ಕ್ಯಾನರ್ ಹಚ್ಚಿದರೆ ಪಿ 0420 ಎಂಬ ಕೋಡ್.

"ಕ್ಯಾಟ್ ಖಾಲಿ ಮಾಡ್ಕೊಡ್ತೀನಿ, ಪಿಕಪ್ ನೋಡ್ರಿ ಹೆಂಗಾಗ್ತೈತಿ, ರೊಕ್ಕಾ ಏನೂ ಕೊಡಬ್ಯಾಡ್ರಿ" ಎನ್ನುವವರು ಸಿಗುತ್ತಾರೆ. ರೊಕ್ಕ ಬೇಡ ಎನ್ನುವುದು ಯಾಕೆ ಅಂತ ಮೇಲಿನ ಮೂರು ಲೋಹಗಳ ಹೆಸರು ಇನ್ನೊಮ್ಮೆ ಓದಿದರೆ ತಿಳಿಯುತ್ತದೆ.

ಡೀಸೆಲ್ ಗಾಡಿಯವರು ಇಲ್ಲಿಗೇ ನಿಲ್ಲಬಹುದು. ಬಿಎಸ್ 6 ಡೀಸೆಲ್‌ನಲ್ಲಿ ಮಸಿ ಹಿಡಿಯುವ ಫಿಲ್ಟರ್, ಒತ್ತಡದ ಸೆನ್ಸರ್‌ಗಳು ಎಲ್ಲ ಸೇರಿ ಬೇರೆಯದೇ ಸಂಸಾರ.

ಹಂತ 2: ಕಾನೂನು ಎಲ್ಲಿಯವರೆಗೆ ಬಿಡುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕಾಯ್ದೆಗೆ ವಿರುದ್ಧವಾಗಿ ಗಾಡಿ ಬದಲಿಸಿದ ಮಾಲೀಕನಿಗೆ 182ಎ ಕಲಂನ 4ನೇ ಉಪಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಂನ 2ನೇ ಉಪಕಲಂ: ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ.

ಒಂಬತ್ತು ಸೀಟಿನವರೆಗಿನ ಪ್ರಯಾಣಿಕ ಕಾರು ಕಾರ್ಖಾನೆಯಿಂದ ಹೊರಬರುವಾಗ ಅದರ ಸದ್ದು 74 ಡೆಸಿಬೆಲ್ ದಾಟಬಾರದು. ಇದು ಚಲಿಸುವ ಗಾಡಿಯಿಂದ 7.5 ಮೀಟರ್ ದೂರದಲ್ಲಿ ಅಳೆಯುವ ಅಂಕಿ. ಸೈಲೆನ್ಸರಿನ ಬಾಯಿಗೆ ಫೋನ್ ಹಿಡಿದು ನೋಡುವುದಲ್ಲ.

ಸರಳವಾಗಿ ಹೇಳಬೇಕೆಂದರೆ ಕ್ಯಾಟ್ ಮುಟ್ಟದೆ, ಸೆನ್ಸರ್ ಮುಟ್ಟದೆ, ಸದ್ದು ಮೂಲದ ಮಟ್ಟದಲ್ಲೇ ಇಟ್ಟು ಹಾಳಾದ ಪೈಪಿನ ಜಾಗದಲ್ಲಿ ಒಳ್ಳೆಯ ಪೈಪು ಹಾಕಿಸುವುದು ರಿಪೇರಿ. ಉಳಿದದ್ದು ಅಪರಾಧ. ನಡುವಿನ ಗೆರೆ ತೆಳುವಾಗಿದೆ, ಅದನ್ನು ಟ್ರಾಫಿಕ್ ಪೊಲೀಸರ ಎದುರು ವಾದಿಸುವ ಸ್ಥಿತಿ ತಂದುಕೊಳ್ಳಬೇಡಿ. ವಾರಂಟಿ ಇನ್ನೂ ಇದ್ದರೆ ಕೈ ಹಾಕಲೇಬೇಡಿ. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ.

ಹಂತ 3: ಇನ್ನು ಇಂಚಿನ ಮಾತು

"ಪೈಪ್ ದೊಡ್ಡದಾದಷ್ಟೂ ಎಂಜಿನ್ ಹಗುರಾಗಿ ಉಸಿರಾಡ್ತೈತಿ" ಎನ್ನುವುದು ಅರ್ಧ ಸತ್ಯ. "ಬ್ಯಾಕ್ ಪ್ರೆಶರ್ ಇರಬೇಕ್ರೀ, ಇಲ್ಲಾಂದ್ರ ಪಿಕಪ್ ಹೋಗ್ತದ" ಎನ್ನುವುದೂ ಅರ್ಧ ಸತ್ಯ. ಹಿಮ್ಮುಖ ಒತ್ತಡ ಯಾವ ಎಂಜಿನ್ನಿಗೂ ಬೇಡ. ಬೇಕಾದದ್ದು ಹೊಗೆಯ ವೇಗ.

ನಾಲ್ಕು ಸಿಲಿಂಡರ್ ಎಂಜಿನ್ ಸಾಮಾನ್ಯವಾಗಿ 1-3-4-2 ಸರದಿಯಲ್ಲಿ ಉರಿಯುತ್ತದೆ. ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ಅರ್ಧ ಸುತ್ತಿದಾಗೊಮ್ಮೆ ಒಂದು ಸಿಲಿಂಡರ್ ಹೊಗೆ ಉಗುಳುತ್ತದೆ. ಪೈಪಿನಲ್ಲಿ ಹೊಗೆ ನೀರಿನಂತೆ ಸಮನಾಗಿ ಹರಿಯುವುದಿಲ್ಲ, ಗುಕ್ಕುಗುಕ್ಕಾಗಿ ಓಡುತ್ತದೆ. ಮುಂದಿನ ಗುಕ್ಕು ಜೋರಾಗಿ ಓಡಿದರೆ ಅದರ ಬೆನ್ನಿಗೆ ಒತ್ತಡ ಕಡಿಮೆಯಾಗಿ ಹಿಂದಿನ ಗುಕ್ಕನ್ನು ಎಳೆದುಕೊಳ್ಳುತ್ತದೆ. ಪೈಪು ಬೇಕಾದ್ದಕ್ಕಿಂತ ದೊಡ್ಡದಾದರೆ ಗುಕ್ಕು ಹರಡಿ ಮೆತ್ತಗಾಗುತ್ತದೆ, ಎಳೆತ ಸಾಯುತ್ತದೆ. ಆಗ ಎಂಜಿನ್ ನಿಧಾನ ಸುತ್ತುವಾಗ, ಅಂದರೆ ಕಡಿಮೆ ಆರ್‌ಪಿಎಂನಲ್ಲಿ ಗಾಡಿ ಎಳೆಯುವುದಿಲ್ಲ. ನಾವು ಓಡಿಸುವುದು ಅಲ್ಲೇ ತಾನೆ: ಖಡೇಬಜಾರದಲ್ಲಿ ಎರಡನೇ ಗೇರು, ಚೋರ್ಲಾ ಘಾಟಿನಲ್ಲಿ ಮೂರನೇ ಗೇರು.

ಲೆಕ್ಕ ನೋಡಿ. ಹೊರವ್ಯಾಸ 42 ಮಿ.ಮೀ., ದಪ್ಪ 1.5 ಮಿ.ಮೀ. ಪೈಪಿನ ಒಳವ್ಯಾಸ 39. ಎರಡಿಂಚಿನ, ಅಂದರೆ 51 ಮಿ.ಮೀ. ಪೈಪಿನ ಒಳವ್ಯಾಸ 48. ವ್ಯಾಸ 9 ಮಿ.ಮೀ. ಹೆಚ್ಚಿದಂತೆ ಕಂಡರೂ ಒಳಗಿನ ಕ್ಷೇತ್ರ ಒಂದೂವರೆ ಪಟ್ಟಾಯಿತು. ಅಷ್ಟೇ ಹೊಗೆಗೆ ವೇಗ ಮೂರರಲ್ಲಿ ಎರಡು ಭಾಗಕ್ಕೆ ಇಳಿಯಿತು. 1.2 ಲೀಟರ್ ಗಾಡಿಗೆ ಇದು ನಷ್ಟವೇ.

ನನ್ನ ಸಲಹೆ: ವರ್ನಿಯರ್ ಕ್ಯಾಲಿಪರ್ ಹಿಡಿದು ನಿಮ್ಮ ಗಾಡಿಯ ಹಳೆಯ ಪೈಪು ಅಳೆಯಿರಿ. ಅದೇ ಅಳತೆ, ಇಲ್ಲವೇ ಅದಕ್ಕಿಂತ ಒಂದೇ ಸೈಜು ಮೇಲೆ. 1.2 ಲೀಟರಿಗೆ 42ರಿಂದ 45, 1.5 ಲೀಟರಿಗೆ 48ರಿಂದ 51. ಅದರ ಮೇಲೆ ಹೋಗುವ ಕಾರಣವೇ ಇಲ್ಲ. ಹೊರಗೆ ಕಾಣುವ ತುದಿ ಎಷ್ಟು ದಪ್ಪವಿದ್ದರೂ ನಡೆಯುತ್ತದೆ, ಅದು ಬರೀ ಅಲಂಕಾರ.

ಹಂತ 4: ಸಾಮಾನು ಕೊಳ್ಳುವುದು

ಈ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು. ಫೌಂಡ್ರಿ, ಲೇತ್, ಆರ್ಗಾನ್ ವೆಲ್ಡಿಂಗ್ ಎಲ್ಲ ಉದ್ಯಮಬಾಗದ ಸುತ್ತಮುತ್ತಲೇ ಸಿಗುತ್ತದೆ. ಫ್ಲ್ಯಾಂಜ್ ಬೇಕೆಂದರೆ, ಅಂದರೆ ಎರಡು ಪೈಪನ್ನು ಬೋಲ್ಟ್ ಹಾಕಿ ಕೂಡಿಸುವ ತಟ್ಟೆ ಬೇಕೆಂದರೆ, ಹಳೆಯದನ್ನು ಮಾದರಿಗೆ ಕೊಟ್ಟು ಮಾಡಿಸಿಕೊಳ್ಳಬಹುದು. ವಿಜಯಪುರ, ಬಾಗಲಕೋಟೆಯವರು ಡೈರಿ ಸಲಕರಣೆ ಇಲ್ಲವೇ ಸಕ್ಕರೆ ಕಾರ್ಖಾನೆಗಳ ಸ್ಟೇನ್‌ಲೆಸ್ ಕೆಲಸ ಮಾಡಿ ಕೈ ಪಳಗಿದ ವೆಲ್ಡರನ್ನು ಹುಡುಕಿ. ಗೇಟು ಗ್ರಿಲ್ಲು ಮಾಡುವವರ ಬಳಿ ಒಯ್ಯಬೇಡಿ. ಅವರ ಕೈಚಳಕ ಬೇರೆ, ಇದು ಬೇರೆ.

ಉಕ್ಕು ಯಾವುದು? ಕಂಪನಿ ಪೈಪು ಬಹುತೇಕ 409 ಎಂಬ ಜಾತಿಯ ಸ್ಟೇನ್‌ಲೆಸ್, ಇಲ್ಲವೇ ಅಲ್ಯೂಮಿನಿಯಂ ಲೇಪದ ಉಕ್ಕು. ಎರಡಕ್ಕೂ ಅಯಸ್ಕಾಂತ ಅಂಟುತ್ತದೆ, ಹೊರಮೈಗೆ ಕಂದು ಬಣ್ಣ ಬರುತ್ತದೆ. 304 ಜಾತಿಯದು ಇನ್ನೂ ಒಳ್ಳೆಯದು, ಅಯಸ್ಕಾಂತ ಅಂಟುವುದಿಲ್ಲ. ಅಂಗಡಿಗೆ ಹೋಗುವಾಗ ಮನೆಯ ಫ್ರಿಜ್ಜಿನ ಮೇಲಿನ ಅಯಸ್ಕಾಂತದ ಗೊಂಬೆ ಜೇಬಿಗೆ ಹಾಕಿಕೊಳ್ಳಿ. ಒಂದು ಎಚ್ಚರ: 202 ಎಂಬ ಅಗ್ಗದ ಜಾತಿಗೂ ಅಯಸ್ಕಾಂತ ಅಂಟುವುದಿಲ್ಲ. ಮಲಪ್ರಭಾ ದಂಡೆಯ ಮಳೆಯಲ್ಲಿ, ಖಾನಾಪುರದ ಕಡೆ ಓಡಾಡುವ ಗಾಡಿಗೆ 202 ಹಾಕಿಸಿದರೆ ಜಂಗು ಬೇಗ ತಿನ್ನುತ್ತದೆ. ಆದ್ದರಿಂದ ಪೈಪಿನ ಮೈಮೇಲಿನ ಗ್ರೇಡಿನ ಅಚ್ಚು ನೋಡಿ, ಬಿಲ್ಲಿನಲ್ಲೂ 304 ಎಂದು ಬರೆಸಿಕೊಳ್ಳಿ.

ದಪ್ಪ 1.5 ಮಿ.ಮೀ. ತೆಗೆದುಕೊಳ್ಳಿ. ಕಿಲೋ ಲೆಕ್ಕದಲ್ಲಿ ಕೊಡುವ ಅಂಗಡಿಯಾದರೆ ನಿಮಗೆ ತೂಕ ಗೊತ್ತಿರಲಿ: 42 ಮಿ.ಮೀ. ಪೈಪು ಮೀಟರಿಗೆ ಸುಮಾರು ಒಂದೂವರೆ ಕಿಲೋ, 51ರದ್ದು ಹೆಚ್ಚೂಕಡಿಮೆ 1.85 ಕಿಲೋ.

ಬಾಗು ಬೇಕಾದಲ್ಲಿ ರೆಡಿಮೇಡ್ ಬೆಂಡ್ ತಂದು ಕೊಯ್ದು ಕೂಡಿಸುವುದು ಮೇಲು. ಪೈಪಿನೊಳಗೆ ಗುಂಡು ತೂರಿಸಿ ಬಗ್ಗಿಸುವುದಕ್ಕೆ ಮ್ಯಾಂಡ್ರೆಲ್ ಬೆಂಡ್ ಎನ್ನುತ್ತಾರೆ. ಅದರಲ್ಲಿ ಒಳವ್ಯಾಸ ಉಳಿಯುತ್ತದೆ. ಬರೀ ಒತ್ತಿ ಬಗ್ಗಿಸಿದರೆ ಬಾಗಿನಲ್ಲಿ ಪೈಪು ಚಪ್ಪಟೆಯಾಗುತ್ತದೆ. ದೊಡ್ಡ ಪೈಪು ಕೊಂಡು ಬಾಗಿನಲ್ಲಿ ಚಪ್ಪಟೆ ಮಾಡಿಕೊಂಡವನು ಕೊಟ್ಟ ದುಡ್ಡು ಆ ಬಾಗಿನಲ್ಲೇ ಹೋಯಿತು.

ಇನ್ನು ಡಬ್ಬಿ. ಎರಡು ಬಗೆ. ಒಂದರಲ್ಲಿ ತೂತು ತೂತಿನ ಕೊಳವೆ ನೇರವಾಗಿ ಹಾಯ್ದು ಸುತ್ತ ಗಾಜಿನ ನಾರು ತುಂಬಿರುತ್ತದೆ. ಹೊಸತರಲ್ಲಿ ಸದ್ದು ಇಂಪು. ಒಂದೆರಡು ಮಳೆಗಾಲ ಕಳೆದು ನಾರು ನೆನೆದು, ಸುಟ್ಟು, ಹಾರಿಹೋದ ಮೇಲೆ ಖಾಲಿ ಡಬ್ಬ ಬಡಿದ ಹಾಗೆ. ಇನ್ನೊಂದರಲ್ಲಿ ಒಳಗೆ ಕೋಣೆಗಳಿರುತ್ತವೆ, ಹೊಗೆ ಒಂದರಿಂದೊಂದಕ್ಕೆ ತಿರುಗಿ ಹೋಗುತ್ತದೆ. ಭಾರ ಹೆಚ್ಚು, ಸದ್ದು ಕಡಿಮೆ, ಬಾಳಿಕೆ ಜಾಸ್ತಿ. ದಿನಾ ಓಡಿಸುವ ಗಾಡಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಯಾವುದೇ ಇರಲಿ, ಡಬ್ಬಿಯ ತೀರಾ ತಗ್ಗಿನ ಜಾಗದಲ್ಲಿ 3 ಮಿ.ಮೀ. ತೂತು ಇರಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಟಿಳಕವಾಡಿಯಿಂದ ಕ್ಯಾಂಪಿಗೆ ಹೋಗಿ ಬಂದು ನಿಲ್ಲಿಸುವ ಗಾಡಿಯಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ, ಆ ನೀರು ಒಳಗೇ ನಿಲ್ಲುತ್ತದೆ. ಸೈಲೆನ್ಸರ್ ಕೊಳೆಯುವುದು ಹೊರಗಿನ ಮಳೆಗಿಂತ ಹೆಚ್ಚು ಒಳಗಿನ ನೀರಿನಿಂದ.

ನಡುವಿನ ರೆಸೋನೇಟರ್ ತೆಗೆಸಬೇಡಿ. "ಅದು ಇದ್ರೂ ಒಂದೇ ಬಿಟ್ರೂ ಒಂದೇ" ಎನ್ನುವವರ ಮಾತು ಊರೊಳಗೆ ನಿಜ. ಹಿರೇಬಾಗೇವಾಡಿ ಟೋಲ್ ದಾಟಿ ಟಾಪ್ ಗೇರಿನಲ್ಲಿ 2,500 ಆರ್‌ಪಿಎಂಗೆ ನಿಲ್ಲಿಸಿ ನೋಡಿ. ಸುತ್ತಿಗೆ ಎರಡರಂತೆ ನಿಮಿಷಕ್ಕೆ 5,000 ಗುಕ್ಕು, ಸೆಕೆಂಡಿಗೆ 83. ಈ 83 ಹರ್ಟ್ಸಿನ ಗುಂಯ್ ಎನ್ನುವ ಸದ್ದು ಕಿವಿಗಿಂತ ಎದೆಗೆ ಕೇಳಿಸುತ್ತದೆ. ಕಾರಿನ ಒಳಗೇ ಸುತ್ತುತ್ತದೆ, ಹಾಡು ಜೋರು ಮಾಡಿದರೂ ಮುಚ್ಚುವುದಿಲ್ಲ. ಕಿತ್ತೂರು ಬರುವಷ್ಟರಲ್ಲಿ ತಲೆ ಭಾರ. ಹಿಂದಿನ ಸೀಟಿನಲ್ಲಿ ಅವ್ವ ಕುಳಿತಿದ್ದರೆ ಧಾರವಾಡದವರೆಗೂ ಬೈಸಿಕೊಳ್ಳುತ್ತೀರಿ.

ಕೊಳ್ಳುವ ಪಟ್ಟಿಗೆ ಇವನ್ನೂ ಸೇರಿಸಿ: ಹೊಸ ರಬ್ಬರ್ ಹ್ಯಾಂಗರ್‌ಗಳು, ಹೊಸ ಪ್ಯಾಕಿಂಗ್ (ಫ್ಲ್ಯಾಂಜುಗಳ ನಡುವೆ ಸೋರದಂತೆ ಕೂರುವ ಗ್ಯಾಸ್ಕೆಟ್), ಸ್ಟೇನ್‌ಲೆಸ್ ಬೋಲ್ಟು ನಟ್ಟು, ಬೋಲ್ಟಿನ ಎಳೆಗೆ ಹಚ್ಚುವ ನಿಕ್ಕೆಲ್ ಗ್ರೀಸು. ಹಳೆ ಪ್ಯಾಕಿಂಗನ್ನೇ ಮತ್ತೆ ಹಾಕಿ ಹತ್ತು ರೂಪಾಯಿ ಉಳಿಸಿದವರು ಸಾವಿರ ರೂಪಾಯಿ ಪೆಟ್ರೋಲ್ ಸುಟ್ಟುಕೊಂಡು ಮತ್ತೆ ಬರುತ್ತಾರೆ.

ಹಂತ 5: ಮೊದಲಿನ ಸ್ಥಿತಿ ಬರೆದಿಡಿ

ಗಾಡಿ ಕೊಡುವ ಮುನ್ನ ಹೊಗೆ ತಪಾಸಣೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಬಿಎಸ್ 4, ಬಿಎಸ್ 6 ಪೆಟ್ರೋಲ್ ಕಾರಿಗೆ ಎಕ್ಸಲರೇಟರ್ ಒತ್ತದೆ, ಅಂದರೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಕೆಲಸ ಆದ ಮೇಲೆ ಇನ್ನೊಂದು ಚೀಟಿ ತೆಗೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೀರಿ. ಸದ್ದಿಗೂ ಹಾಗೇ: ಬಯಲಿನಲ್ಲಿ, ಸೈಲೆನ್ಸರಿನ ಬಾಯಿಂದ ಅರ್ಧ ಮೀಟರ್ ದೂರ, ಓರೆಯಾಗಿ 45 ಡಿಗ್ರಿ ಕೋನದಲ್ಲಿ ಫೋನಿಟ್ಟು 3,000 ಆರ್‌ಪಿಎಂನಲ್ಲಿ ಅಳೆಯಿರಿ. ಫೋನಿನ ಅಂಕಿ ಕೋರ್ಟಿಗೆ ನಡೆಯುವುದಿಲ್ಲ, ಮೊದಲು ಮತ್ತು ಆಮೇಲಿನ ವ್ಯತ್ಯಾಸಕ್ಕೆ ನಡೆಯುತ್ತದೆ. ಮೂರು ಡೆಸಿಬೆಲ್ ಹೆಚ್ಚಾಯಿತೆಂದರೆ ಸದ್ದಿನ ಶಕ್ತಿ ಇಮ್ಮಡಿಯಾಯಿತೆಂದು ತಿಳಿಯಿರಿ.

ನೆಲದಿಂದ ಪೈಪಿನ ತೀರಾ ತಗ್ಗಿನ ಜಾಗಕ್ಕೆ ಎಷ್ಟಿದೆ ಎಂದು ಟೇಪು ಹಿಡಿದು ಬರೆದುಕೊಳ್ಳಿ. ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ.

ಹಂತ 6: ಬಿಚ್ಚುವುದು

ಗಾಡಿ ಪೂರ್ತಿ ತಣ್ಣಗಾಗಿರಲಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಕೊಡಿ, ಅಥವಾ ಗುಂಡಿಯಿರುವ ಗ್ಯಾರೇಜಿಗೆ ಒಯ್ಯಿರಿ. ಜಂಗು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಜಂಗು ಬಿಡಿಸುವ ಎಣ್ಣೆ ಹೊಡೆದು ಬಿಡಿ. ಬೆಳಗ್ಗೆ ಪಾನಾ ಹಾಕಿ ಮೊದಲು ತುಸು ಬಿಗಿಮಾಡಿ, ಆಮೇಲೆ ಸಡಿಲಿಸಿ. ಗ್ಯಾಸ್ ಕಟರ್ ಹಿಡಿದು ಬಂದವನಿಗೆ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಿ. ಬಹಳ ಗಾಡಿಗಳಲ್ಲಿ ಅದು ಹಿಂದಿನ ಸೀಟಿನ ಕೆಳಗೆ, ಪೈಪಿನ ಪಕ್ಕದಲ್ಲೇ ಇರುತ್ತದೆ.

ಹಳೆಯದನ್ನು ಇಡಿಯಾಗಿ ಇಳಿಸಿ. ತುಂಡು ಮಾಡಿ ಇಳಿಸಿದರೆ ಅಳತೆಗೆ ಮಾದರಿ ಉಳಿಯುವುದಿಲ್ಲ.

ಹಂತ 7: ಟ್ಯಾಕ್ ಹೊಡೆದು ಕೂಡಿಸಿ ನೋಡುವುದು

ಅರ್ಧ ದಿನ ಇಲ್ಲೇ ಹೋಗಬೇಕು. ಬೆಂಡು ವೆಲ್ಡಿಂಗು ಎಲ್ಲ ಚೆನ್ನಾಗಿದ್ದೂ ಕೆಟ್ಟ ಕೆಲಸಗಳನ್ನು ನೋಡಿದ್ದೇನೆ. ಬಹುತೇಕ ಎಲ್ಲವೂ ಕೆಟ್ಟದ್ದು ಈ ಹಂತದಲ್ಲಿ.

ಹೊಸ ಪೈಪಿನ ತುಂಡುಗಳನ್ನು ಎರಡು ಮೂರು ಚುಕ್ಕೆ ವೆಲ್ಡ್, ಅಂದರೆ ಟ್ಯಾಕ್, ಮಾತ್ರ ಹಾಕಿ ಗಾಡಿಗೆ ಕಟ್ಟಿ ನೋಡಬೇಕು. ಗಾಡಿಯ ಮೈಗೆ, ಬ್ರೇಕ್ ಪೈಪಿಗೆ, ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಎಲ್ಲೂ 25 ಮಿ.ಮೀ.ಗಿಂತ ಹತ್ತಿರ ಬರಬಾರದು; ಟ್ಯಾಂಕಿನಿಂದ ಇನ್ನೂ ದೂರ. ಶಾಖ ತಡೆಯುವ ತಗಡುಗಳು ಇದ್ದಲ್ಲೇ ಇರಬೇಕು. ಗಡಗಡ ಎನ್ನುತ್ತದೆ ಎಂದು ಕಿತ್ತೆಸೆಯುವ ಚಟ ನಮ್ಮಲ್ಲಿದೆ, ಬೇಡ.

ಮುಂದಿನ ಜಾಳಿಗೆ ಪೈಪು, ಮಿಸ್ತ್ರಿಗಳು ಫ್ಲೆಕ್ಸ್ ಎನ್ನುವುದು, ಉಳಿಯಲೇಬೇಕು. ಎಂಜಿನ್ ಅಡ್ಡಲಾಗಿ ಕುಳಿತ ಗಾಡಿಯಲ್ಲಿ ಎಕ್ಸಲರೇಟರ್ ಒತ್ತಿದಾಗಲೆಲ್ಲ ಎಂಜಿನ್ ಹಿಂದೆ ಮುಂದೆ ತೂಗುತ್ತದೆ. ಫ್ಲೆಕ್ಸ್ ಬದಲು ಗಟ್ಟಿ ಪೈಪು ಹಾಕಿದರೆ ಆ ತೂಗಾಟ ಮ್ಯಾನಿಫೋಲ್ಡನ್ನು ಬಿರಿಯುತ್ತದೆ. ರಬ್ಬರ್ ಹ್ಯಾಂಗರ್ ಬದಲು ತಂತಿ ಬಿಗಿಯುವುದೂ ಅದೇ ಜಾತಿಯ ತಪ್ಪು. ಪೈಪು ಕಾದಾಗ ಬೆಳೆಯುತ್ತದೆ. 304ರ ಎರಡು ಮೀಟರ್ ಪೈಪು 300 ಡಿಗ್ರಿ ಬಿಸಿಯಾದರೆ ಉದ್ದ ಸುಮಾರು 10 ಮಿ.ಮೀ. ಹೆಚ್ಚುತ್ತದೆ. ಆ ಒಂದು ಸೆಂಟಿಮೀಟರಿಗೆ ಹೋಗಲು ಜಾಗ ಬೇಕು. ತಣ್ಣಗಿದ್ದಾಗ ಹ್ಯಾಂಗರ್ ತುಸು ಮುಂದಕ್ಕೆ ವಾಲಿರಲಿ, ಕಾದ ಮೇಲೆ ನೆಟ್ಟಗಾಗುತ್ತದೆ.

ಇನ್ನೊಂದನ್ನು ನಾನೇ ತಪ್ಪು ಮಾಡಿ ಕಲಿತದ್ದು. ಲಿಫ್ಟಿನ ಮೇಲೆ ಎತ್ತಿದ ಗಾಡಿಯಲ್ಲಿ ಹಿಂದಿನ ಆಕ್ಸಲ್ ಕೆಳಕ್ಕೆ ಜೋತುಬಿದ್ದಿರುತ್ತದೆ. ಅದರ ಮೇಲೆ ಹಾಯುವ ಪೈಪಿಗೆ ಬೇಕಾದಷ್ಟು ಜಾಗವಿದೆ ಎಂದು ಕಾಣುತ್ತದೆ. ಅಷ್ಟು ನೋಡಿ ನಾನು ಪೂರ್ತಿ ವೆಲ್ಡ್ ಮಾಡಿಸಿದೆ. ಮಾರನೆಯ ದಿನ ನಾಲ್ಕು ಜನ ಕುಳಿತು ಕಬ್ಬಿನ ಟ್ರ್ಯಾಕ್ಟರ್‌ಗಳು ಕೆಡಿಸಿದ ರಸ್ತೆಗೆ ಇಳಿದಾಗ ಪ್ರತಿ ತಗ್ಗಿಗೂ ಕೆಳಗಿನಿಂದ ಠಣ್ ಠಣ್. ಆಕ್ಸಲ್ ಮೇಲೆ ಬಂದು ಪೈಪಿಗೆ ಬಡಿಯುತ್ತಿತ್ತು. ಆ ಬಾಗನ್ನು ಕೊಯ್ದು ಮತ್ತೆ ಮಾಡಿಸಿದೆ. ಆದ್ದರಿಂದ ಟ್ಯಾಕ್ ಹಾಕಿದ ಮೇಲೆ ಗಾಡಿಯನ್ನು ನೆಲಕ್ಕಿಳಿಸಿ, ಹಿಂದಿನ ಸೀಟಿಗೆ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ ಒಂದಿಷ್ಟು ಭಾರ ಇಟ್ಟು ಗುಂಡಿಯೊಳಗಿಂದ ನೋಡಿ. ಮೇಲೆ ಕೂತವರು ತುಸು ಕುಪ್ಪಳಿಸಲಿ. ಗ್ಯಾರೇಜಿನವರು ನಗುತ್ತಾರೆ, ನಗಲಿ.

ನೆಲದಿಂದ ಎತ್ತರ ಹಂತ 5ರಲ್ಲಿ ಬರೆದುಕೊಂಡದ್ದಕ್ಕಿಂತ ಕಡಿಮೆಯಾಗಬಾರದು. ನಮ್ಮ ಹಳ್ಳಿಗಳ ರೋಡ್ ಹಂಪುಗಳನ್ನು ಯಾವ ಅಳತೆಪಟ್ಟಿ ಹಿಡಿದು ಕಟ್ಟಿದ್ದಲ್ಲ.

ತುದಿ ಬಂಪರಿನಿಂದ ಸ್ವಲ್ಪವಾದರೂ ಹೊರಗೆ ಬಂದಿರಬೇಕು. ಒಳಗೇ ನಿಂತರೆ ಹೊಗೆ ಡಿಕ್ಕಿಯ ಸಂದಿನಿಂದ ಕಾರಿನೊಳಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆ ಬಂದಂತೆ ಬಂದು ಕೊಲ್ಲುತ್ತದೆ.

ಹಂತ 8: ಪೂರ್ತಿ ವೆಲ್ಡಿಂಗ್

ಟ್ಯಾಕ್ ಹಾಕಿದ ಪೈಪನ್ನು ಗಾಡಿಯಿಂದ ಇಳಿಸಿ ಮೇಜಿನ ಮೇಲೆ ವೆಲ್ಡ್ ಮಾಡಿಸಿ. ಗಾಡಿಯ ಮೇಲೇ ಟ್ಯಾಕ್ ಹಾಕುವಾಗ ಬ್ಯಾಟರಿಯ ನೆಗೆಟಿವ್ ತೆಗೆದಿರಬೇಕು, ಅರ್ಥ್ ಕ್ಲಾಂಪು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಇರಬೇಕು. ಗಾಡಿಯ ಮೈಯಲ್ಲಿ ದೂರ ಎಲ್ಲೋ ಹಚ್ಚಿದರೆ ಕರೆಂಟು ಯಾವ ದಾರಿ ಹಿಡಿದು ಹೋಗುತ್ತದೆ ಎಂದು ಹೇಳಲಾಗದು. ಇಸಿಯು ಎಂಬ ಎಂಜಿನ್ನಿನ ಕಂಪ್ಯೂಟರ್ ಸತ್ತರೆ ಸೈಲೆನ್ಸರಿನ ಖರ್ಚು ಚಿಲ್ಲರೆ ಎನಿಸುತ್ತದೆ.

ಸ್ಟೇನ್‌ಲೆಸ್‌ಗೆ ಆರ್ಗಾನ್ ವೆಲ್ಡಿಂಗೇ ಆಗಬೇಕು. 304ಕ್ಕೆ 304 ಕೂಡಿಸಲು 308ಎಲ್ ತಂತಿ. ಸ್ಟೇನ್‌ಲೆಸ್ಸನ್ನು ಸಾದಾ ಕಬ್ಬಿಣದ ಫ್ಲ್ಯಾಂಜಿಗೆ ಕೂಡಿಸಬೇಕಾದರೆ 309ಎಲ್. ಇದನ್ನು ಕೇಳಿ ನೋಡಿ. ಎರಡೂ ಒಂದೇ ಎಂದರೆ ಬೇರೆ ವೆಲ್ಡರನ್ನು ನೋಡಿ. ಮುಖ್ಯವಾದದ್ದು ಇನ್ನೊಂದಿದೆ: ಪೈಪಿನ ಒಳಗೂ ಆರ್ಗಾನ್ ತುಂಬಿರಬೇಕು. ಎರಡು ತುದಿಗೆ ಟೇಪು ಸುತ್ತಿ ಸಣ್ಣ ನಳಿಕೆಯಿಂದ ಗ್ಯಾಸ್ ಬಿಡುತ್ತಾರೆ. ಹಾಗೆ ಮಾಡದಿದ್ದರೆ ಒಳಗಿನ ಬೆಸುಗೆಯ ಬೆನ್ನು ಗಾಳಿಗೆ ಸುಟ್ಟು ಕಪ್ಪು ಹರಳು ಹರಳಾಗುತ್ತದೆ. ವೆಲ್ಡರುಗಳು ಇದಕ್ಕೆ ಸಕ್ಕರೆ ಕಟ್ಟಿತು ಎನ್ನುತ್ತಾರೆ. ನಮ್ಮ ಜಿಲ್ಲೆಗಳಿಗೆ ಸಕ್ಕರೆ ಹೊಸದಲ್ಲ, ಆದರೆ ಪೈಪಿನೊಳಗೆ ಬೇಡ. ಬಿರುಕು ಶುರುವಾಗುವುದೇ ಅಲ್ಲಿಂದ.

ಬೆಸುಗೆಯ ಪಕ್ಕದ ಬಣ್ಣ ನೋಡಿದರೆ ಕೆಲಸ ಗೊತ್ತಾಗುತ್ತದೆ. ಒಣ ಹುಲ್ಲಿನ ಬಣ್ಣವಿದ್ದರೆ ಚೆಂದ, ತಿಳಿ ನೀಲಿ ನಡೆಯುತ್ತದೆ, ಬೂದಿಯಂತೆ ಕಪ್ಪಾಗಿದ್ದರೆ ಹೆಚ್ಚು ಸುಟ್ಟಿದ್ದಾರೆ.

ಒಂದು ಪೈಪು ಇನ್ನೊಂದರೊಳಗೆ ತೂರುವ ಜೋಡಣೆ ಇದ್ದರೆ, ಎಂಜಿನ್ ಕಡೆಯ ಪೈಪು ಒಳಗೆ, ಹಿಂದಿನದು ಹೊರಗೆ. ಉಲ್ಟಾ ಮಾಡಿದರೆ ಹೊಗೆ ಅಂಚಿಗೆ ಬಡಿದು ಸೋರುತ್ತದೆ.

ಹಂತ 9: ಸೋರಿಕೆ ನೋಡುವುದು, ಓಡಿಸಿ ನೋಡುವುದು

ಕಟ್ಟಿದ ಮೇಲೆ, ಎಂಜಿನ್ ತಣ್ಣಗಿರುವಾಗಲೇ ಬಯಲಿನಲ್ಲಿ ಸ್ಟಾರ್ಟ್ ಮಾಡಿ. ದಪ್ಪ ಬಟ್ಟೆಯಿಂದ ಸೈಲೆನ್ಸರಿನ ಬಾಯಿಯನ್ನು ಕ್ಷಣ ಹೊತ್ತು ಅರೆಬರೆ ಮುಚ್ಚಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದ್ದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಟಿಕ್ ಟಿಕ್ ಎಂದು ಕೇಳಿಸಿದರೂ ಅದೇ. ಮುಂದಿನ ಫ್ಲ್ಯಾಂಜಿನಲ್ಲಿ, ಆಕ್ಸಿಜನ್ ಸೆನ್ಸರಿನ ಹತ್ತಿರ ಸೋರಿದರೆ ಹೊರಗಿನ ಗಾಳಿ ಒಳಗೆ ಸೇರಿ ಸೆನ್ಸರ್ ಮೋಸಹೋಗುತ್ತದೆ, ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. "ಸೈಲೆನ್ಸರ್ ಹಾಕ್ಸಿದ ಮ್ಯಾಲೆ ಮೈಲೇಜ್ ಇಳೀತು" ಎಂಬ ದೂರು ಬಂದಾಗ ನಾನು ಮೊದಲು ಕೇಳುವುದು ಈ ಜಾಗವನ್ನೇ.

ಮೊದಲ ಹತ್ತು ಹದಿನೈದು ನಿಮಿಷ ಪೈಪಿನ ಮೇಲಿನ ಎಣ್ಣೆ ಸುಟ್ಟು ಹೊಗೆ ಬರುತ್ತದೆ, ಹೆದರಬೇಡಿ. ಆಮೇಲೆ ವಂಟಮುರಿ ಘಾಟಿನ ತನಕ ಹೋಗಿ ಬನ್ನಿ: ಏರು, ಇಳಿಜಾರು, ಹೈವೇ ಮೂರೂ ಸಿಗುತ್ತದೆ. ಕಿಟಕಿ ಮುಚ್ಚಿ 2,000ದಿಂದ 3,000 ಆರ್‌ಪಿಎಂವರೆಗೆ ನಿಧಾನವಾಗಿ ಏರಿಸುತ್ತ ಗುಂಯ್ ಸದ್ದು ಎಲ್ಲಿ ಬರುತ್ತದೆ ನೋಡಿ. ವಾಪಸು ಬಂದು ಹೊಗೆ ತಪಾಸಣೆಯ ಎರಡನೇ ಚೀಟಿ, ಫೋನಿನ ಎರಡನೇ ಅಳತೆ. ಸದ್ದು ಮೊದಲಿಗಿಂತ ಏರಿದ್ದರೆ ಡಬ್ಬಿ ಬದಲಿಸಿ, ಹೆಮ್ಮೆ ಪಡಬೇಡಿ.

"ರೀಮ್ಯಾಪ್ ಮಾಡಿಸ್ಬೇಕಾ?" ಅಂದರೆ ಇಸಿಯು ಒಳಗಿನ ಲೆಕ್ಕ ತಿದ್ದಿಸಬೇಕೇ ಎಂಬ ಪ್ರಶ್ನೆ. ಬೇಡ. ಟರ್ಬೊ ಇಲ್ಲದ ಗಾಡಿಗೆ ಕ್ಯಾಟಿನ ಹಿಂದಿನ ಪೈಪು ಬದಲಾದರೆ ಇಸಿಯು ತಾನೇ ಹೊಂದಿಸಿಕೊಳ್ಳುತ್ತದೆ. ಕಾಲು ತೆಗೆದಾಗ ಫಟ್ ಫಟ್ ಎನ್ನಿಸುವ ಮ್ಯಾಪ್ ಮಾರುವವರು ಬರುತ್ತಾರೆ. ಆ ಫಟ್ ಎಂದರೆ ಉರಿಯದ ಪೆಟ್ರೋಲ್ ಪೈಪಿನಲ್ಲಿ ಹೊತ್ತಿಕೊಳ್ಳುವುದು. ಅದರ ಶಾಖಕ್ಕೆ ಕ್ಯಾಟಿನೊಳಗಿನ ಇಟ್ಟಿಗೆ ಕರಗಿ ದಾರಿ ಕಟ್ಟಿಕೊಳ್ಳುತ್ತದೆ.

ಹಂತ 10: ಐನೂರು ಕಿಲೋಮೀಟರ್ ಆದ ಮೇಲೆ

ಕಾದು ತಣಿದು ಬೋಲ್ಟುಗಳು ಸಡಿಲಾಗಿರುತ್ತವೆ. ಗಾಡಿ ತಣ್ಣಗಿದ್ದಾಗ ಒಂದು ಸುತ್ತು ಬಿಗಿಮಾಡಿಸಿ. ರಬ್ಬರುಗಳು ಎಲ್ಲಾದರೂ ಹೊಳೆಯುವಂತೆ ಸವೆದಿದ್ದರೆ ಅಲ್ಲಿ ಪೈಪು ಎಳೆಯುತ್ತಿದೆ ಎಂದರ್ಥ. ಪ್ರತಿ ಮಳೆಗಾಲ ಮುಗಿದ ಮೇಲೆ ಡಬ್ಬಿಯ ಆ 3 ಮಿ.ಮೀ. ತೂತಿಗೆ ತಂತಿ ಹಾಕಿ ಕೆಸರು ತೆಗೆಯಿರಿ.

ಹಳೆಯ ಸೈಲೆನ್ಸರ್ ತೀರಾ ತೂತಾಗಿಲ್ಲದಿದ್ದರೆ ಗುಜರಿಗೆ ಹಾಕಬೇಡಿ. ಒಳಗಿನ ನೀರು ಸುರಿದು, ಒಣಗಿಸಿ, ಗೋಣಿಚೀಲ ಸುತ್ತಿ ಅಟ್ಟಕ್ಕೆ ಹಾಕಿ. ಹದಿನೈದು ವರ್ಷಕ್ಕೆ ಆರ್‌ಸಿ ನವೀಕರಣಕ್ಕೆಂದು ಆರ್‌ಟಿಓ ಮುಂದೆ ಗಾಡಿ ನಿಲ್ಲಿಸುವಾಗಲೋ, ನಡುವೆ ಮಾರಬೇಕಾಗಿ ಬಂದು ಕೊಳ್ಳುವವನು "ಕಂಪನಿದು ಐತೇನ್ರಿ?" ಎಂದು ಬಗ್ಗಿ ನೋಡುವಾಗಲೋ ಅದು ಬೇಕಾಗುತ್ತದೆ.